ಕೊನೇ ಪುಟದ ದೊಡ್ಡಪ್ಪ

ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಈ ನಾಲ್ಕೂ ತಾಲ್ಲೂಕುಗಳನ್ನು ಜರಡಿ ಹಿಡಿದು ಸೋಸಿದರೂ ವಿಜ್ಞಾನದ ಜರ್ನಲ್‌ಗಳನ್ನು ನಮ್ಮ ದೊಡ್ಡಪ್ಪನಷ್ಟು ಓದಿದ ಇನ್ನೊಬ್ಬ ಮನುಷ್ಯ ಸಿಗಲಾರ. ಬೇಕಾದರೆ ಪಂದ್ಯ ಕಟ್ಟುತ್ತೇನೆ. ಕೀಟ, ಸಸ್ಯ, ರಸಾಯನ, ಖಗೋಳ, ಕೊನೆಗೆ ಸಮುದ್ರದ ತಳದ ಕೆಸರಿನ ಮೇಲೆ ಬರುತ್ತಿದ್ದ ಒಂದು ಜರ್ನಲ್, ಯಾವುದನ್ನೂ ಅವರು ಬಿಟ್ಟವರಲ್ಲ. (ನಮ್ಮ ಸೀಮೆಯಲ್ಲಿ ಕೆರೆಯ ತಳ ಬೇಕಾದರೆ ವರ್ಷಕ್ಕೆ ಎಂಟು ತಿಂಗಳು ಕಾಣಿಸುತ್ತದೆ, ಸಮುದ್ರದ ತಳ ಕಟ್ಟಿಕೊಂಡು ನಮಗೇನು!)

ಆದರೆ ಅದರಲ್ಲಿ ಏನು ಬರೆದಿತ್ತು ಎಂದು ಮಾತ್ರ ಅವರನ್ನು ಕೇಳಬೇಡಿ. ಅವರಿಗೆ ಒಂದಕ್ಷರವೂ ಗೊತ್ತಿರುತ್ತಿರಲಿಲ್ಲ! ಯಾಕೆಂದರೆ ಅವರು ಓದುತ್ತಿದ್ದುದು ಪ್ರತಿ ಲೇಖನದ ಕೊನೆಯ ಪ್ಯಾರಾ ಒಂದನ್ನೇ. ಸಂಶೋಧನಾ ಲೇಖನಗಳ ಕಡೆಯಲ್ಲಿ, ಇನ್ನು ಮುಗಿಯಿತು ಅನ್ನುವಾಗ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಮೂರು ನಾಲ್ಕು ಸಾಲು ಇರುತ್ತವಲ್ಲ, ‘ಇಂಥವರು ಸಲಹೆ ಕೊಟ್ಟರು, ಇಂಥವರು ಫೋಟೋ ತೆಗೆದುಕೊಟ್ಟರು, ಅವರಿಗೆಲ್ಲ ನಾವು ಕೃತಜ್ಞರು’ ಅಂತ? ಅದನ್ನು ಬರೆದವರೂ ಎರಡನೇ ಸಲ ಓದುವುದಿಲ್ಲ. ನಮ್ಮ ದೊಡ್ಡಪ್ಪ ಅದನ್ನು ಭೂತಗನ್ನಡಿ ಹಿಡಿದು, ತುಟಿ ಅಲ್ಲಾಡಿಸುತ್ತಾ, ಮಂತ್ರದ ಹಾಗೆ ಓದುತ್ತಿದ್ದರು.

ಈ ಚಟ ಜರ್ನಲ್‌ಗಳಿಗಷ್ಟೇ ಸೀಮಿತವಾಗಿರಲಿಲ್ಲ. ಮದುವೆಯ ಕರೆಯೋಲೆ ಬಂದರೆ ನಾವೆಲ್ಲ ಹುಡುಗ ಯಾರು, ಹುಡುಗಿ ಯಾರು, ಛತ್ರ ಎಲ್ಲಿ ಎಂದು ನೋಡುತ್ತೇವೆ. ದೊಡ್ಡಪ್ಪ ನೇರವಾಗಿ ಕೆಳಗೆ ‘ಆಗಮನಾಭಿಲಾಷಿಗಳು’ ಪಟ್ಟಿಗೆ ಇಳಿಯುತ್ತಿದ್ದರು. “ನೋಡ್ದಾ, ಎರಡನೇ ತಮ್ಮನ ಹೆಸರಿಲ್ಲ. ಜಮೀನು ಭಾಗ ಆಗಿಲ್ಲ ಇನ್ನೂ,” ಎಂದು ತೀರ್ಪು ಕೊಟ್ಟುಬಿಡುತ್ತಿದ್ದರು. ಆ ತೀರ್ಪು ಸುಳ್ಳಾದದ್ದು ನನಗೆ ನೆನಪಿಲ್ಲ.

ಊರಿನ ಸಭೆ ಸಮಾರಂಭಗಳಿಗೂ ಹೀಗೆಯೇ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಅಧ್ಯಕ್ಷ ಭಾಷಣ ಇದೆಲ್ಲ ಮುಗಿದು, ‘ಈಗ ವಂದನಾರ್ಪಣೆ’ ಎಂದು ಮೈಕಿನಲ್ಲಿ ಹೇಳಿದ ಕೂಡಲೇ ಜನವೆಲ್ಲ ಎದ್ದು ಪಂಚೆ ಕೊಡವಿಕೊಂಡು ಬಾಗಿಲ ಕಡೆ ನುಗ್ಗುತ್ತದೆ. ಅದೇ ಬಾಗಿಲಿನಿಂದ ಒಬ್ಬ ಮನುಷ್ಯ ಎದುರು ಈಜುತ್ತಾ ಒಳಗೆ ಬರುತ್ತಿದ್ದಾರೆ ಅಂದರೆ ಅವರೇ ನಮ್ಮ ದೊಡ್ಡಪ್ಪ! ಖಾಲಿಯಾದ ಮುಂದಿನ ಸಾಲಿನಲ್ಲಿ ಕುಳಿತು ಕೊನೆಯ ಹೆಸರಿನವರೆಗೂ ಕೇಳಿ, “ಮೈಕಿನವನ್ನ ನೆನೆಸ್ಕೊಂಡ್ರು, ಜಮಖಾನ ಹಾಸಿದೋನ್ನ ಬಿಟ್ರು,” ಎಂದು ಬೇಸರ ಮಾಡಿಕೊಂಡು ಮನೆಗೆ ಬರುತ್ತಿದ್ದರು.

“ಊಟ ಆದ್ಮೇಲೆ ಹೋಗೋ ಜಾತಿ ನಿಮ್ದು,” ಎಂದು ದೊಡ್ಡಮ್ಮ ಛೇಡಿಸುತ್ತಿದ್ದರು.

“ಊಟ ಎಲ್ರೂ ಮಾಡ್ತಾರೆ ಕಣೇ. ಎಲೆ ಎತ್ತಿದೋರು ಯಾರು ಅಂತ ನೋಡಾಕೂ ಒಬ್ಬ ಬೇಕಲ್ಲ!”

ಅವರ ಉದ್ಯೋಗ ಏನು ಎಂದು ನೀವು ಕೇಳುತ್ತೀರಿ. ಚಿಂತಾಮಣಿ ಕಡೆಯ ಒಂದು ರೇಷ್ಮೆ ಸಂಶೋಧನಾ ಕೇಂದ್ರದಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ನಾನು ಆಗ ಚಿಕ್ಕಬಳ್ಳಾಪುರದ ಒಂದು ವಿಜ್ಞಾನ ಕಾಲೇಜಿನಲ್ಲಿ ಲೈಬ್ರರಿಯನ್. ಅವರ ತಮ್ಮನ ಮಗಳು ಜರ್ನಲ್‌ಗಳ ಮಧ್ಯೆ ಕೂತಿದ್ದಾಳೆ ಅಂದ ಮೇಲೆ ಕೇಳಬೇಕೆ? ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಚಿಂತಾಮಣಿಯಿಂದ ಶಿಡ್ಲಘಟ್ಟದ ಮೇಲೆ ಬರುವ ಬಸ್ಸಿನಲ್ಲಿ, ಗೂಡಿನ ಮೂಟೆಗಳ ಮಧ್ಯೆ ನುಸುಳಿಕೊಂಡು ಬಂದು, ಮೈಯೆಲ್ಲ ರೇಷ್ಮೆಗೂಡಿನ ವಾಸನೆಯೊಂದಿಗೆ ನನ್ನ ವಾಚನಾಲಯದ ಕಿಟಕಿ ಪಕ್ಕದ ಕುರ್ಚಿಯಲ್ಲಿ ಪ್ರತಿಷ್ಠಾಪಿತರಾಗುತ್ತಿದ್ದರು.

ಕೆಲವೇ ವರ್ಷಗಳಲ್ಲಿ ಪ್ರಪಂಚದ ವಿಜ್ಞಾನಿಗಳ ಸಂಸಾರವೆಲ್ಲ ಅವರ ಬಾಯಲ್ಲಿ! “ಈ ಜಪಾನಿನವನು ಐದು ಲೇಖನದಲ್ಲಿ ಒಬ್ಳಿಗೇ ವಂದನೆ ಹೇಳ್ತಿದ್ದ. ಆರನೇದ್ರಲ್ಲಿ ಅವಳು ಜೊತೆ ಲೇಖಕಿ. ಮದ್ವೆ ಆಯ್ತು ಅನ್ಸುತ್ತೆ ಕಣಮ್ಮ.” ಅವರು ಕಂಡುಹಿಡಿದ ಶಬ್ದಾರ್ಥಗಳಂತೂ ನಿಘಂಟಿಗೆ ಸೇರಬೇಕಾದವು. ‘ಉಪಯುಕ್ತ ಚರ್ಚೆಗಾಗಿ ವಂದನೆ’ ಎಂದಿದ್ದರೆ ಕಾಫಿ ಕುಡಿದಿದ್ದಾರೆ ಎಂದರ್ಥ. ‘ಬಿಸಿಬಿಸಿ ಚರ್ಚೆಗಾಗಿ’ ಎಂದಿದ್ದರೆ ಕೊರಳಪಟ್ಟಿ ಹಿಡಿದಿದ್ದಾರೆ. ‘ಹೆಸರು ತಿಳಿಯದ ವಿಮರ್ಶಕರಿಗೆ ನಾವು ಋಣಿಗಳು’ ಎಂದಿದ್ದರೆ? “ಹಲ್ಲು ಕಡ್ಕೊಂಡು ಬರ್ದವ್ರೆ. ಅವನ ಹೆಸರು ಗೊತ್ತಿದ್ದಿದ್ರೆ ಕಥೆ ಬೇರೆ ಇರ್ತಿತ್ತು!”

ಒಂದು ಸಲ ನಮ್ಮ ಕಾಲೇಜಿಗೆ ತಪಾಸಣಾ ಸಮಿತಿ ಬಂತು. ಅಂದಿನ ದಿನಕ್ಕಾಗಿ ಪ್ರಿನ್ಸಿಪಾಲರು ಗೋಡೆಗೆ ಸುಣ್ಣ ಹೊಡೆಸಿ, ಕುಂಡಗಳನ್ನು ಎರವಲು ತಂದು, ನಲ್ಲಿಯಲ್ಲಿ ನೀರು ಬರುವ ಹಾಗೆ ಮಾಡಿದ್ದರು. ಲೈಬ್ರರಿಯಲ್ಲಿ ಓದುವವರು ಮಾತ್ರ ಯಾರೂ ಇರಲಿಲ್ಲ. ಹುಡುಗರೆಲ್ಲ ಶಾಮಿಯಾನ ಕಟ್ಟಲು ಹೋಗಿದ್ದರು. ಆದರೆ ಅಂದು ಶುಕ್ರವಾರ! ಸಮಿತಿಯ ಅಧ್ಯಕ್ಷರು ಒಳಗೆ ಬಂದಾಗ ಬೆಳ್ಳಿ ಕೂದಲಿನ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ಕೀಟಶಾಸ್ತ್ರದ ಜರ್ನಲಿನಲ್ಲಿ ಮುಳುಗಿರುವ ದೃಶ್ಯ ಕಂಡು ಭಾವುಕರಾದರು.

“ಈ ವಯಸ್ಸಲ್ಲೂ ಎಂಥ ಆಸಕ್ತಿ! ತಾವು ಯಾವ ವಿಭಾಗದವರು?” ಎಂದು ಕೈಮುಗಿದು, ತಮ್ಮ ಹೆಸರನ್ನೂ ಹೇಳಿದರು.

ದೊಡ್ಡಪ್ಪ ಎದ್ದು ನಿಂತು ಅವರನ್ನೇ ನೋಡಿದರು. ಹಳೆಯ ಗೆಳೆಯ ಸಿಕ್ಕಂಥ ಸಂತೋಷ ಮುಖದಲ್ಲಿ. “ಓಹೋ, ನೀವಾ! ಎಲೆಸುರುಳಿ ಹುಳದ ಲೇಖನ ನಿಮ್ದೇ ಅಲ್ವಾ ಸ್ವಾಮಿ? ಮೊದಲ್ನೇ ಲೇಖನದಲ್ಲಿ ನಿಮ್ಮ ಮನೆಯೋರಿಗೆ ಬಹಳ ಪ್ರೀತಿಯಿಂದ ವಂದನೆ ಹೇಳಿದ್ರಿ. ಆಮೇಲಿನ ಎರಡರಲ್ಲೂ ಅವರ ಹೆಸರಿಲ್ಲ. ಮನೇಲಿ ಎಲ್ಲಾ ಕ್ಷೇಮಾನಾ?”

ಪ್ರಿನ್ಸಿಪಾಲರು ಎರವಲು ತಂದ ಕುಂಡವೊಂದನ್ನು ಆಧಾರಕ್ಕೆ ಹಿಡಿದುಕೊಂಡರು. ಅಧ್ಯಕ್ಷರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಲೇಖನ ಟೈಪ್ ಮಾಡೋದು ಅವಳೇ ಸ್ವಾಮಿ. ‘ನನ್ನ ಹೆಸರು ನಾನೇ ಹೊಡ್ಕೊಳ್ಳೋಕೆ ನಾಚಿಕೆ’ ಅಂತಿದ್ಲು, ಅವಳೇ ತೆಗೆದಿರ್ಬೇಕು! ನನಗೆ ಇವತ್ತೇ ಹೊಳೆದದ್ದು, ನಾನು ಒಂದು ಸಲವೂ ಗಮನಿಸಿಲ್ಲ ಅಂತ.” ಸಮಿತಿಯ ವರದಿಯಲ್ಲಿ ನಮ್ಮ ಗ್ರಂಥಾಲಯದ ಬಗ್ಗೆ ಒಳ್ಳೆಯ ಮಾತೇ ಬಂತು. ದೊಡ್ಡಪ್ಪ ಮಾತ್ರ ಆವತ್ತೆಲ್ಲ ಯಾಕೋ ಸಪ್ಪಗಿದ್ದರು. “ಟೈಪ್ ಮಾಡೋರ ಕೈಲಿ ಎಷ್ಟೊಂದಿರುತ್ತೆ ನೋಡಮ್ಮ,” ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಇಷ್ಟರಲ್ಲಿ ಕಾಲ ಬದಲಾಯಿತು. ಚಿಕ್ಕಬಳ್ಳಾಪುರ ಜಿಲ್ಲಾ ಕೇಂದ್ರವಾದ ಹೊಸತು. ಊರಿಗೆಲ್ಲ ಹೊಸ ಬೋರ್ಡು, ಹೊಸ ಗತ್ತು. ನಮ್ಮ ಪ್ರಿನ್ಸಿಪಾಲರಿಗೂ ಅದರ ಗಾಳಿ ತಾಗಿ, “ಮೇಡಂ, ಇನ್ಮೇಲೆ ಕಾಗದದ ಜರ್ನಲ್ ಬಂದ್. ಎಲ್ಲಾ ಕಂಪ್ಯೂಟರಲ್ಲೇ,” ಎಂದರು. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ಕಾಗದದ ಜರ್ನಲ್ ನೋಡಿಕೊಳ್ಳುವುದು ಅಂದರೆ ಎಂಟು ಹೆತ್ತವಳ ಪಾಡು. ಹೊರದೇಶದ ಸಂಚಿಕೆಗಳು ಹಡಗಿನಲ್ಲಿ ತೇಲಿಕೊಂಡು ಬರುವಷ್ಟರಲ್ಲಿ ಅವುಗಳೊಳಗೆ ಕರೆದಿದ್ದ ಸಮ್ಮೇಳನ ಮುಗಿದು, ಬಂದವರೆಲ್ಲ ಮನೆ ಸೇರಿರುತ್ತಿದ್ದರು. ಮಾರ್ಚಿನದು ಬಂದರೆ ಏಪ್ರಿಲ್‌ನದು ಇಲ್ಲ, ಏಪ್ರಿಲ್‌ನದಕ್ಕೆ ಜ್ಞಾಪನಪತ್ರ ಬರೆದರೆ ಮಾರ್ಚಿನದೇ ಇನ್ನೊಂದು ಪ್ರತಿ ಬರುತ್ತಿತ್ತು! ಅದೂ ಅಲ್ಲದೆ ಹೊಸ ವ್ಯವಸ್ಥೆಯಲ್ಲಿ ನಾವು ಕನಸಿನಲ್ಲೂ ತರಿಸಲಾಗದಿದ್ದ ಜರ್ನಲ್‌ಗಳೆಲ್ಲ ಒಂದೇ ಗಂಟಿನಲ್ಲಿ ಸಿಗುತ್ತಿದ್ದವು, ಅವುಗಳ ಹಳೆಯ ಸಂಪುಟಗಳ ಸಮೇತ.

ಅದನ್ನು ತೋರಿಸಿಕೊಡಲು ಬೆಂಗಳೂರಿನಿಂದ ಟೈ ಕಟ್ಟಿಕೊಂಡ ಒಬ್ಬ ಪ್ರತಿನಿಧಿ ಬಂದ. ಸೆಮಿನಾರ್ ಹಾಲಿನ ಮುಂದಿನ ಸಾಲಿನಲ್ಲಿ ದೊಡ್ಡಪ್ಪ ಹಾಜರ್. (ಜೀವಮಾನದಲ್ಲಿ ಮೊದಲ ಸಲ ಸ್ವಾಗತ ಭಾಷಣಕ್ಕೆ ಬಂದಿದ್ದರು!) ಪ್ರತಿನಿಧಿ ಅದು ಸಿಗುತ್ತೆ, ಇದು ಸಿಗುತ್ತೆ ಎಂದು ಹೇಳಿ ಮುಗಿಸಿ, “ಎನಿ ಡೌಟ್ಸ್?” ಎಂದ. ಅಧ್ಯಾಪಕರೆಲ್ಲ ಊಟದ ಗಂಟೆ ನೋಡುತ್ತಿದ್ದರು. ದೊಡ್ಡಪ್ಪ ಎದ್ದರು.

“ಅಪ್ಪಾ, ನಾಳೆ ಚಂದಾ ನಿಲ್ಲಿಸಿದ್ರೆ, ನಿನ್ನೆವರ್ಗೂ ಬಂದಿದ್ದು ನಮ್ಮ ಹತ್ರ ಇರುತ್ತೋ, ನಿಮ್ಮ ಹತ್ರ ಹೋಗುತ್ತೋ?”

“ಅದು... ಪ್ಲಾನ್ ಮೇಲೆ ಡಿಪೆಂಡ್ ಆಗುತ್ತೆ ಅಂಕಲ್.”

“ಅಂದ್ರೆ, ಮದ್ವೆ ಮುರಿದ್ರೆ ಮಕ್ಕಳು ಯಾರ ಕಡೆಗೆ ಅಂತ ಮೊದ್ಲೇ ಬರೆಸ್ಕೋಬೇಕು ಅನ್ನು!”

ಅಧ್ಯಾಪಕರು ನಕ್ಕರು. ಆದರೆ ಪ್ರಿನ್ಸಿಪಾಲರ ಮುಖದಲ್ಲಿ ಮೊದಲ ಬಾರಿಗೆ ಗೆರೆ ಮೂಡಿತು. ಆ ಒಂದು ಪ್ರಶ್ನೆಯಿಂದಾಗಿ ನಾವು ಹಳೆಯ ವರ್ಷಗಳ ಹಕ್ಕನ್ನು ಕರಾರಿನಲ್ಲಿ ಬರೆಸಿಕೊಂಡೆವು. ದೊಡ್ಡಪ್ಪನ ಎರಡನೇ ಪ್ರಶ್ನೆ ಇನ್ನೂ ಬಾಕಿಯಿತ್ತು.

“ಇದನ್ನ ಹೊರಗಿನೋರು ಓದ್ಬೋದಾ?”

“ಅಬ್‌ಸ್ಟ್ರ್ಯಾಕ್ಟ್, ಅಂದ್ರೆ ಆರಂಭದ ಸಾರಾಂಶ ಎಲ್ಲರಿಗೂ ಫ್ರೀ ಅಂಕಲ್. ಪೂರ್ತಿ ಲೇಖನಕ್ಕೆ ಲಾಗಿನ್ ಬೇಕು. ಅದು ಸ್ಟಾಫು, ಸ್ಟೂಡೆಂಟ್ಸಿಗೆ ಮಾತ್ರ.”

“ತಲೆ ಬಿಟ್ಟಿ, ಬಾಲಕ್ಕೆ ಬೀಗ!” ಎಂದು ದೊಡ್ಡಪ್ಪ ಕುಸಿದು ಕುಳಿತರು. “ನನಗೆ ಬೇಕಾಗಿರೋದೇ ಬಾಲ ಕಣಪ್ಪ.”

ಮುಂದಿನ ತಿಂಗಳು ಕಪಾಟುಗಳು ಖಾಲಿಯಾದವು. ಬೈಂಡ್ ಮಾಡಿಸಿದ ಹಳೆಯ ಸಂಪುಟಗಳು ಸೈಕಲ್ ಸ್ಟ್ಯಾಂಡಿನ ಪಕ್ಕದ ಗೋದಾಮು ಸೇರಿದವು. ಕಿಟಕಿ ಪಕ್ಕದ ಕುರ್ಚಿಯ ಜಾಗಕ್ಕೆ ಕಂಪ್ಯೂಟರ್ ಮೇಜು ಬಂತು. ದೊಡ್ಡಪ್ಪ ಜಗಳವಾಡಲಿಲ್ಲ. ಸುಮ್ಮನೆ ಗೋದಾಮಿಗೆ ಸ್ಥಳಾಂತರಗೊಂಡರು! ಹಲ್ಲಿಗಳ ಮಧ್ಯೆ ಒಂದು ಮುರುಕು ಸ್ಟೂಲು ಹಾಕಿಕೊಂಡು, ಹೆಂಚಿನ ಸಂದಿಯಿಂದ ಬೀಳುವ ಬಿಸಿಲುಕೋಲು ಸರಿದ ಹಾಗೆಲ್ಲ ಸ್ಟೂಲನ್ನೂ ಸರಿಸುತ್ತಾ, ಓದಿದ್ದನ್ನೇ ಮತ್ತೆ ಓದತೊಡಗಿದರು. ಸಂಜೆ ಹೊರಬಂದಾಗ ತಲೆ ಮೀಸೆಯೆಲ್ಲ ದೂಳು. ಬಸ್ಸಿನಲ್ಲಿ ಜನ ಅವರನ್ನು ಗಿರಣಿಯವರು ಎಂದುಕೊಂಡು ರಾಗಿ ಬೀಸುವ ಬಗ್ಗೆ ವಿಚಾರಿಸಿದರಂತೆ.

ನನಗೆ ನಗು ಬರುವುದರ ಬದಲು ಯಾಕೋ ಕಸಿವಿಸಿಯಾಯಿತು. ಅವರ ಕುರ್ಚಿ ಕಿತ್ತವಳು ನಾನೇ ತಾನೆ? ಆವತ್ತು ಬೀರುವಿನಿಂದ ಆ ಕರಾರುಪತ್ರ ತೆಗೆದು ಮನೆಗೆ ಒಯ್ದೆ. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದ ಅಷ್ಟೊಂದು ಪುಟ! ಎಲ್ಲಿಂದ ಶುರು ಮಾಡುವುದು? ದೊಡ್ಡಪ್ಪನ ವಂಶದವಳಲ್ಲವೇ, ಕೊನೆಯಿಂದಲೇ ಶುರು ಮಾಡಿದೆ. ಎರಡು ಪುಟ ಹಿಂದಕ್ಕೆ ಹೋಗುವಷ್ಟರಲ್ಲಿ ಸಿಕ್ಕಿತು: ಗ್ರಂಥಾಲಯಕ್ಕೆ ಖುದ್ದಾಗಿ ಬಂದು, ಅಲ್ಲಿನ ಕಂಪ್ಯೂಟರಿನಲ್ಲೇ ಓದುವ ಸಾರ್ವಜನಿಕರಿಗೆ ಅಡ್ಡಿಯಿಲ್ಲ! ಬಾಲದ ಬೀಗದ ಕೈ ಬಾಲದಲ್ಲೇ ಇತ್ತು. ಪ್ರಿನ್ಸಿಪಾಲರಿಗೆ ತೋರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, “ಇದನ್ನೆಲ್ಲ ಯಾರ್ರೀ ಓದ್ತಾರೆ?” ಎಂದರು. “ನಮ್ಮ ಮನೇಲಿ ಓದ್ತಾರೆ ಸಾರ್,” ಎಂದೆ.

ಹೀಗೆ ದೊಡ್ಡಪ್ಪ ಕಂಪ್ಯೂಟರಿನ ಮುಂದೆ ಬಂದು ಕುಳಿತರು. ಈ ವಯಸ್ಸಿನಲ್ಲಿ ಕೀಲಿಮಣೆ ಕಲಿಸುವುದು ಹೇಗಪ್ಪಾ ಎಂಬ ನನ್ನ ಚಿಂತೆ ಅರ್ಧ ನಿಮಿಷದಲ್ಲಿ ಹಾರಿಹೋಯಿತು. ಅದು ಅವರ ಬದುಕಿನ ವಿದ್ಯೆ! ಮೆಚ್ಚಿದ ವಂದನೆಗಳನ್ನೆಲ್ಲ ನಕಲು ಮಾಡಿಟ್ಟುಕೊಳ್ಳಲು ಹತ್ತು ಬೆರಳೂ ಮಳೆಯ ಹಾಗೆ ಬೀಳತೊಡಗಿದವು. ಆದರೆ ಬಿದ್ದದ್ದು ಆಲಿಕಲ್ಲು ಮಳೆ. ಮೂವತ್ತು ವರ್ಷ ಕಬ್ಬಿಣದ ಯಂತ್ರ ಕುಟ್ಟಿದ ಕೈ. ಎರಡನೇ ವಾರಕ್ಕೆ ಸ್ಪೇಸ್ ಬಾರ್ ಹಾರಿ ಪಕ್ಕದ ಹುಡುಗಿಯ ಮಡಿಲಿಗೆ ಬಿತ್ತು. ಅದಾದರೂ ಹೋಗಲಿ. ಪ್ರತಿ ಸಾಲು ಮುಗಿದ ಕೂಡಲೇ ಎಡಗೈ ತಾನಾಗಿ ಮೇಲೆದ್ದು ಮಾನಿಟರಿನ ಕಪಾಳಕ್ಕೆ ಪಟ್ಟನೆ ಒಂದು ಏಟು! ಟೈಪ್‌ರೈಟರಿನ ಬಂಡಿಯನ್ನು ಬಲಕ್ಕೆ ತಳ್ಳುವ ಅಭ್ಯಾಸ.

“ದೊಡ್ಡಪ್ಪಾ, ಅದಕ್ಕೆ ಹೊಡೀಬೇಡಿ!”

“ನಾನೆಲ್ಲಮ್ಮ ಹೊಡೀತಿದೀನಿ? ಕೈ ಹೋಗುತ್ತೆ, ನಾನು ಏನ್ಮಾಡ್ಲಿ?”

ಕೊನೆಗೆ ಮಾನಿಟರಿನ ಎಡಗಡೆಗೆ ಒಂದು ಸಣ್ಣ ದಿಂಬು ಕಟ್ಟಿದೆ. ತಪಾಸಣಾ ಸಮಿತಿ ಮತ್ತೆ ಬರಲಿಲ್ಲ, ನನ್ನ ಪುಣ್ಯ.

ಒಂದು ಮಂಗಳವಾರ ಮಧ್ಯಾಹ್ನ, ವಾಚನಾಲಯದಲ್ಲಿ ನಾವಿಬ್ಬರೇ ಇದ್ದಾಗ, ಹುಡುಕುವ ಪೆಟ್ಟಿಗೆಯ ಮಹಿಮೆಯನ್ನು ಅವರಿಗೆ ತೋರಿಸೋಣ ಅನ್ನಿಸಿತು. “ನೋಡಿ ದೊಡ್ಡಪ್ಪ, ಒಂದೊಂದೇ ಪುಟ ತಿರುವೋದು ಬೇಡ. ಇಲ್ಲಿ ಯಾವ ಹೆಸರು ಹೊಡೆದ್ರೂ, ಆ ಹೆಸರಿರೋ ಲೇಖನವೆಲ್ಲ ಒಂದು ಗಳಿಗೇಲಿ ಬರುತ್ತೆ. ಕೊನೇ ಪ್ಯಾರಾದಲ್ಲಿದ್ರೂ ಸೈತ. ನಿಮ್ಮ ಹೆಸರೇ ಹಾಕಲಾ?”

“ನಂದು ಬೇಡ,” ಎಂದರು, ಥಟ್ಟನೆ.

ಭೂತಗನ್ನಡಿಯನ್ನು ಪಂಚೆಯ ಅಂಚಿನಲ್ಲಿ ಒರೆಸಿದರು. ಮತ್ತೆ ಒರೆಸಿದರು. “ಯಾವ ಹೆಸರಾದ್ರೂ ಸಿಗುತ್ತಾ? ನಮ್ಮ ಕಡೇ ಹೆಸರೂ?” ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ, “ಮುನಿಲಕ್ಷ್ಮಮ್ಮ ಅಂತ ಹೊಡಿ,” ಎಂದರು.

ಯಾರಿದು ಮುನಿಲಕ್ಷ್ಮಮ್ಮ? ದೊಡ್ಡಮ್ಮನಿಗೆ ಗೊತ್ತೇ? ನನ್ನ ತುಂಟ ಮನಸ್ಸು ಎಲ್ಲೆಲ್ಲಿಗೋ ಓಡಿದ್ದು ನಿಜ. ಅವರು ನನ್ನ ಮುಖ ನೋಡಿ ತಾವೇ ಹೇಳಿದರು.

“ನಮ್ಮ ಸೆಂಟರಲ್ಲಿ ಹುಳದ ಮನೆಗೆ ಕೂಲಿಗೆ ಬರ್ತಿದ್ಲು. ಕೆಂಚಾರ್ಲಹಳ್ಳಿಯೋಳು. ಸಾಹೇಬ್ರು ಹುಳದ ಕಾಯಿಲೆ ಮೇಲೆ ಏನೋ ಪ್ರಯೋಗ ನಡೆಸ್ತಿದ್ರು. ಮೈಕ್ರೋಸ್ಕೋಪು ಹಿಡಿದು ಕಾಯಿಲೆ ಇದೆ ಅಂತ ಹೇಳೋಕೆ ಅವರಿಗೆ ಇನ್ನೂ ಎರಡು ದಿನ ಬೇಕು, ಅಷ್ಟರಲ್ಲಿ ಈಯಮ್ಮ ತಟ್ಟೆ ಹತ್ರ ಕಿವಿ ಇಟ್ಟು, ‘ಸಾರೂ, ಇವು ಸೊಪ್ಪು ತಿನ್ನೋ ಸದ್ದು ತೆಳ್ಳಗಾಗೈತೆ, ಬೇರೆ ಇಕ್ಕಿ’ ಅನ್ನೋಳು. ಒಂದು ಸಲಾನೂ ತಪ್ಪಿಲ್ಲ. ಅವಳು ಬೇರೆ ಇಕ್ಸಿದ ತಟ್ಟೆಗಳ ಮೇಲೇ ಅವರ ಇಡೀ ಲೇಖನ ನಿಂತಿದ್ದು. ನಾನು ಟೈಪ್ ಮಾಡ್ದೆ. ಕೊನೇಲಿ ಡೈರೆಕ್ಟರಿಗೆ ವಂದನೆ, ಲೆಕ್ಕ ಹಾಕಿಕೊಟ್ಟೋರಿಗೆ ವಂದನೆ, ಫೋಟೋದವನಿಗೆ ವಂದನೆ. ಇವಳ ಹೆಸರಿಲ್ಲ.”

“ಕೇಳಬಾರದಿತ್ತಾ ಸಾಹೇಬರನ್ನ?”

“ಟೈಪಿಸ್ಟು, ಸಾಹೇಬ್ರನ್ನ ಕೇಳ್ತಾನಾ? ಕೊನೇ ಹಾಳೆ ಇನ್ನೊಂದ್ಸಲ ಟೈಪ್ ಮಾಡಿ ಒಂದು ಸಾಲು ಸೇರಿಸಿಟ್ಟೆ. ಅವರು ನೋಡದೇನೇ ಅಂಚೆಗೆ ಹಾಕ್ಸಿದ್ರು. ಕೊನೇ ಹಾಳೆ ಯಾರು ಓದ್ತಾರೆ? ಆಮೇಲೆ ಅವರಿಗೆ ವರ್ಗ ಆಯ್ತು. ಆ ಪತ್ರಿಕೆಯೋರು ವಾಪಸ್ ಕಳಿಸಿದ್ರಂತೆ, ಇನ್ನೊಂದಕ್ಕೆ ಕಳಿಸಿದ್ರಂತೆ. ಎಲ್ಲಿ ಬಂತು, ಬರ್ಲೇ ಇಲ್ವಾ, ಬಂದಿದ್ರೆ ಆ ಸಾಲು ಉಳೀತಾ, ಹೊಡೆದು ಹಾಕಿದ್ರಾ, ಗೊತ್ತಾಗ್ಲೇ ಇಲ್ಲ ಕಣಮ್ಮ.”

“ಆ ಸಾಹೇಬರ ಹೆಸರು ನನಗೆ ಹೇಳಿದ್ದಿದ್ರೆ ಯಾವತ್ತೋ ಹುಡುಕಿಸಿಕೊಡ್ತಿದ್ನಲ್ಲ ದೊಡ್ಡಪ್ಪ!”

“ಹೇಳಿದ್ರೆ ನೀನು ಅವರಿಗೇ ಕಾಗದ ಬರೀತಿದ್ದೆ. ನೀನು ಅಂಥೋಳೇ,” ಎಂದು ಸಣ್ಣಗೆ ನಕ್ಕರು. “ಮೊದ್ಲು ಅದೊಂದೇ ಹುಡುಕ್ತಿದ್ದೆ. ಆಮೇಲೆ ಬೇರೆಯೋರ ವಂದನೆಗಳೂ ರುಚಿ ಹತ್ತಿಬಿಟ್ವು.”

ಹೆಸರು ಟೈಪ್ ಮಾಡಿದೆ. ತೆರೆಯ ಮೇಲೆ ಒಂದು ಗೋಲ ಸುತ್ತಿತು, ಸುತ್ತಿತು. ಫಲಿತಾಂಶ: ಸೊನ್ನೆ.

“ಹೊಡೆದು ಹಾಕವ್ರೆ,” ಎಂದರು ದೊಡ್ಡಪ್ಪ. ಕೊಡೆ ತೆಗೆದುಕೊಂಡು ಎದ್ದರು. ಬಾಗಿಲವರೆಗೆ ಹೋದವರು ಅಲ್ಲೇ ನಿಂತು ತಲೆ ಕೆರೆದುಕೊಂಡರು. “ಆ ಹೆಸರಲ್ಲಿ ಎಷ್ಟು ಎಂ ಹಾಕ್ದೆ?”

“ಇಂಗ್ಲಿಷಲ್ಲಾ? ನಾಲ್ಕು.”

“ಕೊನೇದು ಒಂದು ತೆಗಿ. ನಮ್ಮ ಆಫೀಸ್ ಮಿಷನ್ನಲ್ಲಿ ಎಂ ಅಂಟ್ಕೋತಿತ್ತು. ಎರಡು ಹೊಡೆದ್ರೆ ಒಂದು ಬೀಳೋದು.”

ತೆಗೆದೆ. ಗೋಲ ಸುತ್ತಿತು. ಫಲಿತಾಂಶ: ಒಂದು.

ನಮ್ಮ ಲೈಬ್ರರಿಗೆ ಕಾಗದದ ರೂಪದಲ್ಲಿ ಎಂದೂ ಬಂದಿರದ, ಹಾಲೆಂಡಿನ ಒಂದು ಹಳೆಯ ಜರ್ನಲ್. ನಾನು ಪ್ರೈಮರಿ ಶಾಲೆಯಲ್ಲಿದ್ದ ಕಾಲದ ಸಂಚಿಕೆ. ಪುಟಗಳನ್ನು ಯಾರೋ ಎಲ್ಲೋ ಕುಳಿತು ಫೋಟೋ ಹಿಡಿದು ಸೇರಿಸಿದ್ದರು. ಕೊನೆಯ ಪುಟಕ್ಕೆ ಇಳಿದೆ. ಡೈರೆಕ್ಟರು, ಲೆಕ್ಕದವರು, ಫೋಟೋದವರು, ಎಲ್ಲ ಆದ ಮೇಲೆ ಇಂಗ್ಲಿಷಿನಲ್ಲಿ ಒಂದೇ ಒಂದು ಸಾಲು: ರೋಗ ತಗುಲಿದ ಹುಳುಗಳನ್ನು ಕಿವಿಯಿಂದಲೇ ಗುರುತಿಸಿಕೊಟ್ಟ ಶ್ರೀಮತಿ ಮುನಿಲಕ್ಷ್ಮಮ್ಮ ಅವರಿಗೆ ಲೇಖಕರು ಋಣಿ.

ದೊಡ್ಡಪ್ಪ ಭೂತಗನ್ನಡಿಯನ್ನು ತೆರೆಗೇ ಹಿಡಿದು ಓದಿದರು. ಅವರ ಎಡಗೈ ಮೇಲೆದ್ದಿತು. ಮಾನಿಟರಿಗೆ ಏಟು ಬಿತ್ತು ಎಂದುಕೊಂಡೆ. ಅದು ಸುಮ್ಮನೆ ಆ ಸಾಲಿನ ಪಕ್ಕ ಹೋಗಿ ನಿಂತುಕೊಂಡಿತು.

“ಒಂದು ಎಂ ಹೋಗ್ಬಿಟ್ಟಿದೆ. ಛೆ. ತಿದ್ದಬೇಕಾಗಿತ್ತು ನಾನು.”

ಮುಂದಿನ ಭಾನುವಾರ ಆ ಪುಟದ ಪ್ರತಿ ಹಿಡಿದು ನಾವಿಬ್ಬರೂ ಕೆಂಚಾರ್ಲಹಳ್ಳಿಗೆ ಹೋದೆವು. ಮುನಿಲಕ್ಷ್ಮಮ್ಮ ಇದ್ದರು. ಮನೆಯ ಮುಂದೆ ಕುಳಿತು ಚಂದ್ರಿಕೆಯ ಬಿದಿರುತಟ್ಟಿಯಿಂದ ಗೂಡು ಬಿಡಿಸುತ್ತಿದ್ದರು. ಕಣ್ಣು ಮಂಜಾಗಿತ್ತು. ದೊಡ್ಡಪ್ಪ ಚಪ್ಪಲಿ ಬಿಡುವ ಸದ್ದಿಗೇ ತಲೆಯೆತ್ತಿ, “ಎವರು? ಟೈಪು ಸಾರಾ?” ಎಂದು ತೆಲುಗು ಬೆರೆಸಿ ಕೇಳಿದರು. ಎಷ್ಟು ವರ್ಷದ ಮೇಲೆ!

ದೊಡ್ಡಪ್ಪ ಜಗಲಿಯ ಮೇಲೆ ಕುಳಿತು ಬಂದ ವಿಷಯ ಹೇಳಿದರು. ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದವನ್ನು ಮುಟ್ಟಿ ನೋಡಿದರು.

“ಇದು ಯಾವೂರ್ ಪೇಪರ್ರು?”

“ಹಾಲೆಂಡ್ ಅಂತ. ಹೊರದೇಶ.”

“ಅಲ್ಲಿ ಹುಳ ಸಾಕ್ತಾರಾ?”

“ಇಲ್ಲಮ್ಮ, ಓದ್ತಾರೆ.”

“ಓದಿದ್ರೆ ಗೂಡು ಬರ್ತದಾ?” ಎಂದು ನಕ್ಕರು. ದೊಡ್ಡಪ್ಪ ತಪ್ಪೊಪ್ಪಿಕೊಳ್ಳುವವರ ಹಾಗೆ, ಹೆಸರಿನಲ್ಲಿ ಒಂದಕ್ಷರ ಬಿಟ್ಟುಹೋಗಿದೆ ಎಂದರು. “ಪರವಾಗಿಲ್ಲ ಬಿಡಿ ಸಾರೂ. ರೇಷನ್ ಕಾರ್ಡಲ್ಲಿ ಮುನಿಲಕ್ಷ್ಮಯ್ಯ ಅಂತ ಬರ್ದು ನನ್ನ ಗಂಡ್ಸು ಮಾಡವ್ರೆ. ಇದೇ ವಾಸಿ!”

ದೊಡ್ಡಪ್ಪ ಆ ಸಾಲನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದರು. ಆಕೆ ಗೂಡು ಬಿಡಿಸುವುದನ್ನು ನಿಲ್ಲಿಸಿದರು. “ಸಾಹೇಬ್ರು ಇಷ್ಟು ಬರ್ದಿದ್ರಾ? ಹೋಗೋವಾಗ ಒಂದು ಮಾತೂ ಆಡ್ಲಿಲ್ಲ ಅಂತ ನಾನು ಸುಮ್ನೆ ಬೈಕೊಂಡಿದ್ದೆ. ಒಳ್ಳೇವ್ರು,” ಎಂದರು.

ನಾನು ಬಾಯಿ ತೆರೆದೆ. ದೊಡ್ಡಪ್ಪ ನನ್ನ ಕಾಲನ್ನು ಬಲವಾಗಿ ತುಳಿದರು.

“ಹ್ಞೂಂ, ಒಳ್ಳೇವ್ರು,” ಎಂದರು.

“ನೀವೂ ಆಗ ಅಲ್ಲೇ ಇದ್ರಲ್ಲ ಸಾರೂ?”

“ಇದ್ದೆ. ನಾನು ಟೈಪ್ ಮಾಡ್ದೆ, ಅಷ್ಟೆ.”

ಮುನಿಲಕ್ಷ್ಮಮ್ಮ ಒಳಗಿದ್ದ ಸೊಸೆಯನ್ನು ಕೂಗಿ ಕರೆದರು. “ಬಾರೇ ಬೇಗ, ನನ್ನ ಹೆಸರು ಓದ್ತಾರೆ. ಇನ್ನೊಂದ್ಸಲ ಓದಿ ಸಾರೂ.” ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು, ಆ ಹುಡುಗಿ ಒದ್ದೆ ಕೈ ಒರೆಸಿಕೊಂಡು ಹೊರಗೆ ಬರುವವರೆಗೂ ಕಾದರು.